ಅಂತರ್ಯುದ್ಧ ದಾಟಿ ಬಂದ ಮಕ್ಕಳ ಆತ್ಮಕಥೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದೊಂದು ಚಿಕ್ಕ ಓದುವ ಬಳಗ ಇದೆ. ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಒಂದು ಪುಸ್ತಕ, ಕಾಫಿ, ಎರಡು ಗಂಟೆ ಮಾತು. ಒಂದು ವರ್ಷ ಪೂರ್ತಿ ನಾವು ಓದಿದ್ದು ಯುದ್ಧದಲ್ಲಿ ಬೆಳೆದ ಮಕ್ಕಳು ಆಮೇಲೆ ಬರೆದ ಪುಸ್ತಕಗಳನ್ನೇ. ಆಗ ಬಂದ ಪ್ರಶ್ನೆಗಳು, ಆಮೇಲೆ ಗೆಳೆಯರು ಮೆಸೇಜು ಹಾಕಿ ಕೇಳಿದ ಪ್ರಶ್ನೆಗಳು, ಎಲ್ಲ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಸಿಯೆರಾ ಲಿಯೋನ್ ದೇಶದ ಎರಡು ಪುಸ್ತಕಗಳ ಮಾತೇ ಜಾಸ್ತಿ ಬರುತ್ತದೆ, ಯಾಕೆಂದರೆ ನಾನು ಮತ್ತೆ ಮತ್ತೆ ಓದಿದ್ದು ಅವನ್ನೇ. ಕಥೆಯ ಕೊನೆಯನ್ನೂ ಹೇಳಿದ್ದೇನೆ, ಗೊತ್ತಾಗಬಾರದು ಅನ್ನುವವರು ಕೊನೆಯ ಪ್ರಶ್ನೆ ಓದಬೇಡಿ.

ಇಷ್ಟೊಂದು ನೋವಿರುವ ಪುಸ್ತಕ ಯಾಕೆ ಓದಬೇಕು? ಪೇಪರಿನಲ್ಲಿ ಓದೋದು ಸಾಲದಾ?

ಸಾಲದು. ಪೇಪರಿಗೆ ಯುದ್ಧ ಬೇಕಾಗುವುದು ಗುಂಡು ಹಾರುವ ದಿನ ಮಾತ್ರ. ಎಷ್ಟು ಜನ ಸತ್ತರು, ಯಾವ ಊರು ಯಾರ ಕೈಗೆ ಹೋಯಿತು, ಅಲ್ಲಿಗೆ ಸುದ್ದಿ ಮುಗಿಯಿತು. ಅದರ ಹಿಂದಿನ ದಿನ ಆ ಹುಡುಗ ಏನು ಮಾಡುತ್ತಿದ್ದ? ಹತ್ತು ವರ್ಷ ಕಳೆದ ಮೇಲೆ ಅವನಿಗೆ ರಾತ್ರಿ ನಿದ್ದೆ ಬರುತ್ತಾ? ಇದನ್ನು ಅವನೇ ಹೇಳಬೇಕು, ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಇಷ್ಮೇಲ್ ಬೀಯಾ ಅವರ 'ಎ ಲಾಂಗ್ ವೇ ಗಾನ್' 2007ರಲ್ಲಿ ಬಂತು. ಅದರಲ್ಲಿ ಯುದ್ಧಕ್ಕಿಂತ ಮೊದಲು ಬರುವುದು ಹಾಡಿನ ಹುಚ್ಚು. 12 ವರ್ಷದ ಹುಡುಗ ತನ್ನ ಅಣ್ಣ ಮತ್ತು ಗೆಳೆಯನ ಜೊತೆ 16 ಮೈಲಿ ನಡೆದು ಮಟ್ರು ಜಾಂಗ್ ಎಂಬ ಊರಿಗೆ ಹೊರಡುತ್ತಾನೆ. ಅಲ್ಲೊಂದು ಪ್ರತಿಭಾ ಸ್ಪರ್ಧೆ ಇದೆ, ಅದರಲ್ಲಿ ರ‍್ಯಾಪ್ ಹಾಡಬೇಕು, ಅಷ್ಟೇ ಅವನ ತಲೆಯಲ್ಲಿರುವುದು. ನಾಳೆ ಬರ್ತೀವಿ ಅಂತ ಹೊರಟ ಮಕ್ಕಳು ಅಪ್ಪ ಅಮ್ಮನಿಗೆ ಸರಿಯಾಗಿ ಹೇಳಿಯೂ ಹೋಗಿರುವುದಿಲ್ಲ. ಹಿಂದೆ ಅವರ ಊರಿನ ಮೇಲೆ ದಾಳಿ ಆಗುತ್ತದೆ. ಮತ್ತೆ ಮನೆ ಅಂತ ಇರುವುದಿಲ್ಲ. ಇಂಥದ್ದು ಯಾವ ವರದಿಯಲ್ಲಿ ಬಂದೀತು?

ಯಾವುದರಿಂದ ಶುರು ಮಾಡಲಿ?

ಒಂದೇ ಓದುವುದಾದರೆ ಬೀಯಾ ಅವರದ್ದು. ಎರಡು ಓದುವುದಾದರೆ ಅದರ ಜೊತೆಗೆ ಮರಿಯಾಟು ಕಮಾರಾ ಅವರ 'ದಿ ಬೈಟ್ ಆಫ್ ದಿ ಮ್ಯಾಂಗೊ', ಇದು 2008ರದ್ದು. ಎರಡೂ ಒಂದೇ ದೇಶ, ಒಂದೇ ಯುದ್ಧ. ಒಬ್ಬ ಬಂದೂಕು ಹಿಡಿದ ಹುಡುಗ, ಇನ್ನೊಬ್ಬಳು ಬಂದೂಕು ಹಿಡಿದ ಹುಡುಗರ ಕೈಗೆ ಸಿಕ್ಕ ಹುಡುಗಿ. ಕಮಾರಾ ಪುಸ್ತಕಕ್ಕೆ ಮುನ್ನುಡಿ ಬರೆದಿರುವುದು ಬೀಯಾ ಅವರೇ. ಇವೆರಡನ್ನು ಬೆನ್ನಿಗೆ ಬೆನ್ನು ಓದಿ, ನಡುವೆ ಬೇರೆ ಪುಸ್ತಕ ಬೇಡ.

ಸಿಯೆರಾ ಲಿಯೋನ್ ಎಲ್ಲಿದೆ, ಅಲ್ಲಿ ಏನಾಗಿತ್ತು? ಇತಿಹಾಸ ಗೊತ್ತಿಲ್ಲದೆ ಓದಬಹುದಾ?

ಓದಬಹುದು. ಆದರೆ ಸ್ವಲ್ಪ ಗೊತ್ತಿದ್ದರೆ ದಾರಿ ತಪ್ಪುವುದಿಲ್ಲ, ಯಾಕೆಂದರೆ ಪುಸ್ತಕದೊಳಗಿನ ಮಗುವಿಗೂ ಏನಾಗುತ್ತಿದೆ ಅಂತ ಗೊತ್ತಿರುವುದಿಲ್ಲ.

ಆಫ್ರಿಕಾದ ಪಶ್ಚಿಮ ಕರಾವಳಿಯ ಚಿಕ್ಕ ದೇಶ ಅದು. ಪಕ್ಕದಲ್ಲಿ ಲೈಬೀರಿಯಾ ಮತ್ತು ಗಿನಿ. ರಾಜಧಾನಿ ಫ್ರೀಟೌನ್. ನೆಲದಲ್ಲಿ ವಜ್ರ, ನೆಲದ ಮೇಲೆ ಬಡತನ. 1991ರ ಮಾರ್ಚಿನಲ್ಲಿ ಫೊಡೆ ಸಂಕೋ ಎಂಬ ಮಾಜಿ ಸೈನಿಕನ ದಂಡು ಲೈಬೀರಿಯಾ ಕಡೆಯಿಂದ ಗಡಿ ದಾಟಿ ಬಂತು. ಅದರ ಹೆಸರು ಆರ್‌ಯುಎಫ್. ಬೆನ್ನ ಹಿಂದೆ ಲೈಬೀರಿಯಾದ ಬಂಡುಕೋರ ನಾಯಕ ಚಾರ್ಲ್ಸ್ ಟೇಲರ್ ಇದ್ದ. ಭ್ರಷ್ಟ ಸರ್ಕಾರವನ್ನು ಕಿತ್ತು ಬಡವರಿಗೆ ನ್ಯಾಯ ಕೊಡಿಸುತ್ತೇವೆ ಅಂತ ಹೇಳಿ ಬಂದವರು ಆ ಬಡವರ ಊರುಗಳನ್ನೇ ಸುಟ್ಟರು. ಕೋನೊ ಜಿಲ್ಲೆಯ ವಜ್ರ ಹೊರಗೆ ಹೋಯಿತು, ಬಂದೂಕು ಒಳಗೆ ಬಂತು. 1996ರ ಚುನಾವಣೆ ಹೊತ್ತಿಗೆ ಜನ ವೋಟು ಹಾಕಬಾರದು ಅಂತ ಕೈ ಕಡಿಯುವುದು ಶುರುವಾಯಿತು. ನಡುವೆ ದಂಗೆ, ಒಪ್ಪಂದ, ಒಪ್ಪಂದ ಮುರಿಯುವುದು. 1999ರ ಜನವರಿಯಲ್ಲಿ ಫ್ರೀಟೌನ್ ಒಳಗೇ ನುಗ್ಗಿದರು. ಯುದ್ಧ ಮುಗಿಯಿತು ಅಂತ ಘೋಷಣೆ ಆಗಿದ್ದು 2002ರ ಜನವರಿಯಲ್ಲಿ. ಸುಮಾರು 50,000 ಜನ ಸತ್ತಿರಬಹುದು ಎಂಬ ಅಂದಾಜು ಇದೆ.

ಬೀಯಾ ಬಂಡುಕೋರರ ಕಡೆ ಇದ್ದನಾ?

ಇಲ್ಲ! ತುಂಬಾ ಜನ ಹಾಗೆ ಅಂದುಕೊಂಡಿರುತ್ತಾರೆ. ಅವನಿಗೆ 13ನೇ ವಯಸ್ಸಿನಲ್ಲಿ ಬಂದೂಕು ಕೊಟ್ಟಿದ್ದು ಸರ್ಕಾರಿ ಸೈನ್ಯ. ನಿಮ್ಮ ಅಪ್ಪ ಅಮ್ಮನನ್ನು ಕೊಂದವರ ಮೇಲೆ ಸೇಡು ತೀರಿಸಿಕೊಳ್ಳಿ ಅಂತ ಹೇಳಿ, ಮಾದಕ ವಸ್ತು ತಿನ್ನಿಸಿ, ರಾತ್ರಿ ಹೊಡೆದಾಟದ ಸಿನಿಮಾ ತೋರಿಸಿ, ಬೆಳಗ್ಗೆ ಯುದ್ಧಕ್ಕೆ ಕಳಿಸುತ್ತಿದ್ದರು. ಎರಡೂ ಕಡೆ ಮಕ್ಕಳೇ, ಎರಡೂ ಕಡೆ ಅದೇ ಮಾತು. ಇದನ್ನು ತಪ್ಪಾಗಿ ನೆನಪಿಟ್ಟುಕೊಂಡರೆ ಪುಸ್ತಕದ ಅರ್ಧ ಕಳೆದುಕೊಂಡ ಹಾಗೆ.

ಓದುವಾಗ ಯಾವುದನ್ನು ಗಮನಿಸಬೇಕು?

ನನಗೆ ಈ ಇಡೀ ಪುಟದಲ್ಲಿ ಹೇಳಬೇಕಾದ ಮಾತು ಒಂದಿದ್ದರೆ ಅದು ಇದು. ಯುದ್ಧದ ಪುಟಗಳನ್ನು ಎಷ್ಟು ಗಮನ ಇಟ್ಟು ಓದುತ್ತೀರೋ, ಯುದ್ಧಕ್ಕಿಂತ ಮೊದಲಿನ ಮತ್ತು ಆಮೇಲಿನ ಪುಟಗಳನ್ನೂ ಅಷ್ಟೇ ಗಮನ ಇಟ್ಟು ಓದಿ. ನಾವು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ. ಶುರುವಿನ ಭಾಗ ಬೇಗ ಬೇಗ ತಿರುಗಿಸಿ, ಗುಂಡಿನ ಸದ್ದು ಬಂದಾಗ ನೆಟ್ಟಗೆ ಕೂತು, ಕಡೆಯ ಭಾಗವನ್ನು 'ಸದ್ಯ, ಬದುಕಿದ' ಅಂತ ಉಸಿರು ಬಿಟ್ಟು ಸುಮ್ನೆ ಓಡಿಸಿಬಿಡುತ್ತೇವೆ. ನಾನೂ ಮೊದಲ ಸಲ ಹಾಗೇ ಓದಿದ್ದು.

ಎರಡನೇ ಸಲ ಓದುವಾಗ ನಾನು ಬೀಯಾ ಪುಸ್ತಕದಲ್ಲಿ ಕ್ಯಾಸೆಟ್ಟಿನ ಜಾಡು ಹಿಡಿದು ಹೋದೆ. ಹುಡುಗ ಮನೆ ಬಿಟ್ಟಾಗ ಜೇಬಿನಲ್ಲಿ ರ‍್ಯಾಪ್ ಕ್ಯಾಸೆಟ್ಟು ಇರುತ್ತವೆ. ಕಾಡು ಮೇಡು ಅಲೆಯುವಾಗ ಹುಡುಗರ ಗುಂಪು ಅಂದರೆ ಎಲ್ಲರಿಗೂ ಭಯ, ಬಂಡುಕೋರರೇ ಬಂದರು ಅಂತ ಹಿಡಿಯುತ್ತಾರೆ. ಒಂದು ಊರಿನಲ್ಲಿ ಹಾಗೆ ಹಿಡಿದು ಜೇಬು ತಡಕಿದಾಗ ಕ್ಯಾಸೆಟ್ಟು ಸಿಗುತ್ತದೆ. ಇದೇನು ಅಂತ ಹಾಕಿ ಕೇಳುತ್ತಾರೆ, ಹುಡುಗರು ಕುಣಿದು ತೋರಿಸುತ್ತಾರೆ, ಇವರು ಮಕ್ಕಳೇ ಅಂತ ಊರಿನವರಿಗೆ ನಂಬಿಕೆ ಬರುತ್ತದೆ, ಜೀವ ಉಳಿಯುತ್ತದೆ. ಮುಂದೆ ಸೈನ್ಯ ಸೇರಿದ ದಿನ ಹೊಸ ಬಟ್ಟೆ ಕೊಡುತ್ತಾರೆ, ಹಳೇ ಚಡ್ಡಿಯನ್ನು ಬೆಂಕಿಗೆ ಎಸೆಯುತ್ತಾರೆ. ಕ್ಯಾಸೆಟ್ಟು ಅದರ ಜೇಬಿನಲ್ಲಿ. ಅವನು ಓಡಿ ಬರುವಷ್ಟರಲ್ಲಿ ಕರಗುತ್ತಿರುತ್ತವೆ. ಯುದ್ಧದ ಎಷ್ಟೋ ಭಯಾನಕ ಪುಟಗಳು ಆಮೇಲೆ ಬರುತ್ತವೆ, ಆದರೆ ಆ ಹುಡುಗನ ಬಾಲ್ಯ ಹೋಗಿದ್ದು ಈ ಪುಟದಲ್ಲಿ ಅಂತ ನನಗೆ ಅನ್ನಿಸಿತು. ಕೊನೆಯ ಭಾಗದಲ್ಲಿ ಪುನರ್ವಸತಿ ಕೇಂದ್ರದ ನರ್ಸ್ ಎಸ್ತರ್ ಅವನಿಗೆ ಒಂದು ವಾಕ್‌ಮನ್ ಮತ್ತು ರನ್ ಡಿಎಂಸಿ ಎಂಬ ಅಮೆರಿಕದ ಹಾಡುಗಾರರ ತಂಡದ ಕ್ಯಾಸೆಟ್ಟು ತಂದುಕೊಡುತ್ತಾಳೆ. ಹಾಡು ಕೇಳುತ್ತಾ ಇರುವಾಗಲೇ ಅವನು ತನ್ನ ಗಾಯದ ಕಥೆ ಹೇಳಲು ಶುರು ಮಾಡುತ್ತಾನೆ. ಮೂರು ಕ್ಯಾಸೆಟ್ಟು, ಮೂರು ಜಾಗ. ಬರೆಯುವವನಿಗೆ ಗೊತ್ತು ತಾನು ಏನು ಮಾಡುತ್ತಿದ್ದೇನೆ ಅಂತ. ಇವರನ್ನು ಅಯ್ಯೋ ಪಾಪ ಅಂತ ಓದುವ ಬದಲು ಬರಹಗಾರರು ಅಂತ ಓದಿದರೆ ಇಂಥದ್ದೆಲ್ಲ ಕಣ್ಣಿಗೆ ಬೀಳುತ್ತದೆ.

ಕಮಾರಾ ಪುಸ್ತಕದಲ್ಲಿ ಅದು ಮಾವಿನ ಹಣ್ಣು. 12 ವರ್ಷದ ಹುಡುಗಿ, ಎರಡೂ ಕೈ ಕಡಿದಿದ್ದಾರೆ, ರಾತ್ರಿ ಕಾಡಿನಲ್ಲಿ ನಡೆದು ಬಂದಿದ್ದಾಳೆ. ದಾರಿಯಲ್ಲಿ ಸಿಕ್ಕವನೊಬ್ಬ ಮಾವಿನ ಹಣ್ಣನ್ನು ಬಾಯಿಗೆ ಹಿಡಿಯುತ್ತಾನೆ. ಅವಳು ಬೇಡ ಅಂತ ತಲೆ ಆಡಿಸುತ್ತಾಳೆ. ಚಿಕ್ಕ ಮಗುವಿನ ಹಾಗೆ ಇನ್ನೊಬ್ಬರ ಕೈಯಲ್ಲಿ ತಿನ್ನುವುದು ಬೇಡ. ಬಟ್ಟೆ ಸುತ್ತಿದ ಎರಡು ತೋಳುಗಳ ನಡುವೆ ತಾನೇ ಹಣ್ಣು ಹಿಡಿದು ಕಚ್ಚುತ್ತಾಳೆ. ಪುಸ್ತಕಕ್ಕೆ ಆ ಹೆಸರು ಯಾಕೆ ಬಂತು ಅಂತ ಆಗ ಗೊತ್ತಾಗುತ್ತದೆ.

ಹಿಂಸೆ ಇರುವ ಭಾಗ ಬಿಟ್ಟು ಓದಿದರೆ ತಪ್ಪಾ?

ಏನೂ ತಪ್ಪಿಲ್ಲ. ಬಿಡಿ, ಮುಂದೆ ಹೋಗಿ, ಬೇಕಾದರೆ ಆಮೇಲೆ ವಾಪಸ್ ಬನ್ನಿ. ರಾತ್ರಿ ಮಲಗುವ ಮುಂಚೆ ಮಾತ್ರ ಓದಬೇಡಿ. ನಿಮಗೇ ಹಳೆಯ ಪೆಟ್ಟು ಏನಾದರೂ ಇದ್ದು, ಓದಿದ ಮೇಲೆ ದಿನಗಟ್ಟಲೆ ಎದೆ ಹೊಡೆದುಕೊಳ್ಳುತ್ತಿದ್ದರೆ ಪುಸ್ತಕ ಮುಚ್ಚಿಡಿ, ಹತ್ತಿರದವರ ಜೊತೆ ಮಾತಾಡಿ, ಕಮ್ಮಿ ಆಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ಪುಸ್ತಕ ಎಲ್ಲಿಗೂ ಓಡಿಹೋಗುವುದಿಲ್ಲ.

ಬೀಯಾ ಬರೆದದ್ದು ಸುಳ್ಳು ಅಂತ ಎಲ್ಲೋ ಓದಿದ ನೆನಪು. ನಿಜವಾ?

ಈ ಪ್ರಶ್ನೆ ಪ್ರತಿ ಸಲ ಬರುತ್ತದೆ, ಬರಲೂಬೇಕು. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

2008ರ ಜನವರಿಯಲ್ಲಿ 'ದಿ ಆಸ್ಟ್ರೇಲಿಯನ್' ಪತ್ರಿಕೆ ಒಂದು ವರದಿ ಹಾಕಿತು. ಮಟ್ರು ಜಾಂಗ್ ಮೇಲೆ ದಾಳಿ ಆಗಿದ್ದು ಪುಸ್ತಕದಲ್ಲಿ ಇರುವ ಹಾಗೆ 1993ರಲ್ಲಿ ಅಲ್ಲ, 1995ರಲ್ಲಿ ಎಂಬುದು ಅದರ ವಾದ. ಹಾಗಿದ್ದರೆ ಬೀಯಾ ಸೈನ್ಯದಲ್ಲಿ ಇದ್ದಿದ್ದು ಎರಡು ವರ್ಷಕ್ಕಿಂತ ಜಾಸ್ತಿ ಅಲ್ಲ, ಕೆಲವೇ ತಿಂಗಳು. ವಯಸ್ಸೂ 13 ಅಲ್ಲ, 15ರ ಹತ್ತಿರ. ಬೀಯಾ ಒಪ್ಪಲಿಲ್ಲ. ನನ್ನ ನೆನಪು ಸರಿ ಇದೆ ಅಂದರು. ಪ್ರಕಾಶಕರು ಅವರ ಬೆನ್ನಿಗೆ ನಿಂತರು. ಅವರು ಬಾಲ ಸೈನಿಕನೇ ಅಲ್ಲ ಅಂತ ಆ ವರದಿಯೂ ಹೇಳಲಿಲ್ಲ ಎಂಬುದನ್ನು ಮರೆಯಬಾರದು.

ನನ್ನ ಅಭಿಪ್ರಾಯ ಹೇಳುತ್ತೇನೆ. ತಾರೀಖು ಮುಖ್ಯ. ಆತ್ಮಕಥೆ ಅಂತ ಮಾರಿದ ಮೇಲೆ ಕೇಳುವ ಹಕ್ಕು ಓದುಗರಿಗೆ ಇದೆ, ಪ್ರಕಾಶಕರು ಮೊದಲೇ ಚೆನ್ನಾಗಿ ಪರಿಶೀಲಿಸಬೇಕಿತ್ತು. ಆದರೆ ತಾರೀಖು ತಪ್ಪುವುದು ಬೇರೆ, ಕಥೆ ಕಟ್ಟುವುದು ಬೇರೆ. ನಮ್ಮ ಅಜ್ಜಿಗೆ ತಾನು ಹುಟ್ಟಿದ ಇಸವಿ ಗೊತ್ತಿರಲಿಲ್ಲ, 'ಕೆರೆ ಕೋಡಿ ಬಿದ್ದ ವರ್ಷ' ಅಂತಿದ್ದಳು. ಆದರೆ ಆ ವರ್ಷ ಯಾರ ಮನೆ ಗೋಡೆ ಕುಸಿಯಿತು, ಯಾರ ಹಸು ಕೊಚ್ಚಿಹೋಯಿತು, ಎಲ್ಲ ಅವಳ ಅಮ್ಮ ಹೇಳಿದ್ದು ಹೇಳಿದ ಹಾಗೇ ನೆನಪಿತ್ತು. ಕ್ಯಾಲೆಂಡರ್ ಇಲ್ಲದೆ ಕಾಡಿನಲ್ಲಿ ತಿಂಗಳುಗಟ್ಟಲೆ ಅಲೆದ, ಆಮೇಲೆ ನಶೆಯಲ್ಲಿ ಬದುಕಿದ ಹುಡುಗನ ಲೆಕ್ಕ ತಪ್ಪಿದ್ದರೆ ನನಗೆ ಆಶ್ಚರ್ಯ ಇಲ್ಲ. ಅದೇ 2008ರ ಫೆಬ್ರವರಿಯಲ್ಲಿ ಮಿಶಾ ಡೆಫೊನ್ಸೆಕಾ ಎಂಬ ಲೇಖಕಿ, ಯಹೂದಿ ಮಗುವಾಗಿ ನಾಜಿಗಳಿಂದ ತಪ್ಪಿಸಿಕೊಂಡು ತೋಳಗಳ ಜೊತೆ ಬದುಕಿದೆ ಅಂತ ತಾನು ಬರೆದದ್ದು ಪೂರ್ತಿ ಕಟ್ಟುಕಥೆ ಅಂತ ಒಪ್ಪಿಕೊಂಡರು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಇನ್ನೊಂದು ಉದಾಹರಣೆ ಇದಕ್ಕಿಂತ ಕಷ್ಟದ್ದು. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ರಿಗೊಬೆರ್ತಾ ಮೆಂಚೂ. ಮಾಯಾ ಬುಡಕಟ್ಟಿನ ಹುಡುಗಿ. 1982ರಲ್ಲಿ, 23ನೇ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ಕೂತು ತನ್ನ ಕಥೆಯನ್ನು ಬಾಯಲ್ಲಿ ಹೇಳಿದಳು, ಮಾನವಶಾಸ್ತ್ರಜ್ಞೆಯೊಬ್ಬರು ಬರೆದುಕೊಂಡರು. ಪುಸ್ತಕ ಜಗತ್ತಿಗೆಲ್ಲ ಹೋಯಿತು, 1992ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 1999ರಲ್ಲಿ ಡೇವಿಡ್ ಸ್ಟಾಲ್ ಎಂಬ ಸಂಶೋಧಕ, ಕಣ್ಣಾರೆ ಕಂಡೆ ಅಂತ ಅವರು ಹೇಳಿದ ಕೆಲವು ಘಟನೆಗಳನ್ನು ಅವರು ಕಂಡಿರಲಿಲ್ಲ ಅಂತ ಪುಸ್ತಕ ಬರೆದ. ದೊಡ್ಡ ಗಲಾಟೆ ಆಯಿತು. ಪ್ರಶಸ್ತಿ ವಾಪಸ್ ಆಗಲಿಲ್ಲ. ಇದು ನನ್ನೊಬ್ಬಳ ಕಥೆಯಲ್ಲ, ನನ್ನ ಜನರೆಲ್ಲರ ಕಥೆ ಅಂತ ಮೆಂಚೂ ಮೊದಲ ಪುಟದಲ್ಲೇ ಹೇಳಿದ್ದರು ಎಂಬುದೂ ನಿಜ, ಓದುವವರು 'ನಾನು ನೋಡಿದೆ' ಎಂಬ ಮಾತನ್ನು ಹಾಗೇ ನಂಬಿದ್ದರು ಎಂಬುದೂ ನಿಜ. ಅದೇ 1999ರಲ್ಲಿ ವಿಶ್ವಸಂಸ್ಥೆಯ ಬೆಂಬಲದ ಸತ್ಯ ಆಯೋಗ ಗ್ವಾಟೆಮಾಲಾದ ಅಂತರ್ಯುದ್ಧದ ಬಗ್ಗೆ ತನ್ನ ವರದಿ ಕೊಟ್ಟಿತು. 2 ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು, ಗುರುತು ಸಿಕ್ಕವರಲ್ಲಿ 83 ಶೇಕಡಾ ಮಾಯಾ ಜನ, ದೌರ್ಜನ್ಯಗಳಲ್ಲಿ 93 ಶೇಕಡಾ ಸರ್ಕಾರದ ಸೈನ್ಯ ಮತ್ತು ಅದರ ಕಡೆಯವರದ್ದು. ಮೆಂಚೂ ಹೇಳಿದ ಯುದ್ಧ ಅದೇ. ಆದರೂ ನನಗೆ, ಅವರು ಕಂಡದ್ದು ಯಾವುದು ಕೇಳಿದ್ದು ಯಾವುದು ಅಂತ ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ. ಬಳಗದಲ್ಲಿ ಈ ಬಗ್ಗೆ ಇನ್ನೂ ಜಗಳ ಇದೆ.

ಐದು ವರ್ಷದ ಮಗುವಿಗೆ ಇಷ್ಟೆಲ್ಲ ನೆನಪಿರುತ್ತಾ?

ಇದು ಕಾಂಬೋಡಿಯಾದ ಲೌಂಗ್ ಉಂಗ್ ಅವರ 'ಫಸ್ಟ್ ದೇ ಕಿಲ್ಡ್ ಮೈ ಫಾದರ್' ಬಗ್ಗೆ ಬರುವ ಪ್ರಶ್ನೆ. ಅಲ್ಲಿ ಐದು ವರ್ಷದ ಅಂತರ್ಯುದ್ಧ ಮುಗಿದು, 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ದಂಡು ರಾಜಧಾನಿ ನಾಮ್ ಪೆನ್‌ಗೆ ಬಂದು ಎಲ್ಲರನ್ನೂ ಹಳ್ಳಿಗೆ ಓಡಿಸಿತು. ಆಗ ಉಂಗ್‌ಗೆ ಐದು ವರ್ಷ. ಮುಂದೆ ಅಪ್ಪ, ಅಮ್ಮ, ಇಬ್ಬರು ಅಕ್ಕತಂಗಿಯರು ಸತ್ತರು. ಪುಸ್ತಕ ಬಂದಿದ್ದು 2000ದಲ್ಲಿ, ಬರೆದಿರುವುದು ಪೂರ್ತಿ ವರ್ತಮಾನ ಕಾಲದಲ್ಲಿ, ಮಗುವೇ ಈಗ ಹೇಳುತ್ತಿರುವ ಹಾಗೆ.

ಅಷ್ಟು ಚಿಕ್ಕ ಮಗುವಿಗೆ ಇಡೀ ಸಂಭಾಷಣೆ ನೆನಪಿರಲ್ಲ. ಕಾಂಬೋಡಿಯಾ ಮೂಲದ ಕೆಲವು ಓದುಗರೇ ಇದನ್ನು ಎತ್ತಿದ್ದಾರೆ. ಹಸಿವು ನೆನಪಿರುತ್ತದೆ, ಭಯ, ವಾಸನೆ, ಅಮ್ಮ ಯಾವ ಬಟ್ಟೆ ಉಟ್ಟಿದ್ದಳು, ಇಂಥದ್ದು ನೆನಪಿರುತ್ತದೆ. ಉಳಿದದ್ದನ್ನು ಬದುಕಿ ಉಳಿದ ಅಣ್ಣಂದಿರು, ಅಕ್ಕ ಹೇಳಿದ್ದು ತುಂಬಿಸಿರುತ್ತದೆ. ಓದುವಾಗ ಇದು ಮನಸ್ಸಿನಲ್ಲಿರಲಿ. ಮಾತುಗಳನ್ನು ಅಕ್ಷರಕ್ಕೆ ಅಕ್ಷರ ಹಿಡಿಯಬೇಡಿ, ಹಸಿವಿನ ಪುಟಗಳನ್ನು ಪೂರ್ತಿ ನಂಬಿ.

ಇದರ ಸಿನಿಮಾ ಇದೆಯಲ್ಲ, ಅದು ನೋಡಿದರೆ ಸಾಕಾ?

2017ರಲ್ಲಿ ಏಂಜಲಿನಾ ಜೋಲಿ ಮಾಡಿದ್ದು, ಖ್ಮೇರ್ ಭಾಷೆಯಲ್ಲೇ ಇದೆ. ಚೆನ್ನಾಗಿದೆ, ನೋಡಿ. ಪುಸ್ತಕವನ್ನೂ ಓದಿ.

ಬೇರೆಯವರ ಜೊತೆ ಸೇರಿ ಬರೆದದ್ದಾದರೆ ಅದು ಯಾರ ಪುಸ್ತಕ?

ಕಮಾರಾ ಅವರದ್ದು ಪತ್ರಕರ್ತೆ ಸೂಸನ್ ಮೆಕ್‌ಕ್ಲೆಲಂಡ್ ಜೊತೆ ಸೇರಿ ಬರೆದದ್ದು. ಕೈ ಇಲ್ಲದ, ಹಳ್ಳಿಯಲ್ಲಿ ಶಾಲೆಗೇ ಹೋಗದ ಹುಡುಗಿ ಕೆನಡಾಕ್ಕೆ ಹೋಗಿ ಇಂಗ್ಲಿಷ್ ಕಲಿತು, ಇಪ್ಪತ್ತೆರಡರ ಆಸುಪಾಸಿನಲ್ಲೇ ಪುಸ್ತಕ ಹೊರಗೆ ತಂದಿದ್ದಾಳೆ. ಜೊತೆಗೊಬ್ಬರು ಇದ್ದದ್ದರಲ್ಲಿ ತಪ್ಪೇನಿದೆ? ನಮ್ಮಲ್ಲೂ ಜನಪದ ಕಾವ್ಯ ಹಾಡಿದವರು ಒಬ್ಬರು, ಬರೆದುಕೊಂಡವರು ಇನ್ನೊಬ್ಬರು. ಹಾಡಿದವರನ್ನು ಮರೆತಾಗ ಮಾತ್ರ ಅನ್ಯಾಯ.

ಆದರೆ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಆ ಮನುಷ್ಯ ಬಿಟ್ಟು ಬೇರೆ ಯಾರೂ ಹೇಳಲಾರದ ಮಾತು ಪುಸ್ತಕದಲ್ಲಿ ಇದೆಯಾ ನೋಡುತ್ತೇನೆ. ಕಮಾರಾ ಕೈ ಕಡಿದ ಹುಡುಗರು, ಹೋಗಿ ಅಧ್ಯಕ್ಷನಿಗೆ ತೋರಿಸು, ಇನ್ನು ನೀನು ಅವನಿಗೆ ವೋಟು ಹಾಕಲಾರೆ ಅನ್ನುತ್ತಾರೆ. ಅವಳಿಗೆ ಅಧ್ಯಕ್ಷ ಅಂದರೆ ಏನು ಅಂತಲೇ ಗೊತ್ತಿಲ್ಲ, ಅದನ್ನೇ ಕೇಳುತ್ತಾಳೆ. ಇದನ್ನು ಯಾವ ಪತ್ರಕರ್ತರೂ ಹುಟ್ಟಿಸಲಾರರು.

ಹುಡುಗಿಯರ ಕಥೆ ಬೇರೆ ಥರ ಇರುತ್ತದಾ?

ಇರುತ್ತದೆ. ಕಮಾರಾ ಮೇಲೆ ಅತ್ಯಾಚಾರ ಮಾಡಿದವನು ಬಂಡುಕೋರ ಅಲ್ಲ, ಮನೆಯವರಿಗೆ ಗೊತ್ತಿದ್ದ ದೊಡ್ಡ ವಯಸ್ಸಿನ ಗಂಡಸು, ಅದೂ ದಾಳಿಗೆ ಮೊದಲು. ಅವಳು ಗರ್ಭಿಣಿ ಅಂತ ಗೊತ್ತಾಗುವುದು ಫ್ರೀಟೌನ್ ಆಸ್ಪತ್ರೆಯಲ್ಲಿ, ಕೈ ಹೋದ ಮೇಲೆ. ಮಗು ಹುಟ್ಟುತ್ತದೆ, ಕೈಕಾಲು ಕಳೆದುಕೊಂಡವರ ಶಿಬಿರದಲ್ಲಿ ಬೆಳೆಯುತ್ತದೆ, ವರ್ಷ ತುಂಬುವ ಮೊದಲೇ ಸಾಯುತ್ತದೆ. ಅವಳು ಬೀದಿಯಲ್ಲಿ ಭಿಕ್ಷೆ ಬೇಡುತ್ತಾಳೆ, ಆಮೇಲೆ ಶಿಬಿರದ ನಾಟಕ ತಂಡ ಸೇರುತ್ತಾಳೆ, ಅಲ್ಲಿ ಮತ್ತೆ ನಗು ಬರುತ್ತದೆ. ಹುಡುಗರ ಪುಸ್ತಕದಲ್ಲಿ ಯುದ್ಧ ಒಂದು ದಿನ ಶುರುವಾಗಿ ಒಂದು ದಿನ ಮುಗಿಯುತ್ತದೆ. ಹುಡುಗಿಯರ ಪುಸ್ತಕದಲ್ಲಿ ಅಷ್ಟು ಸುಲಭವಾಗಿ ಗೆರೆ ಎಳೆಯಲಾಗುವುದಿಲ್ಲ. ನಮ್ಮ ಬಳಗದ ಹೆಂಗಸರು ಇದನ್ನು ಮೊದಲು ಹೇಳಿದರು, ನನಗೆ ಹೊಳೆದಿರಲಿಲ್ಲ.

ಕೊಂದವನ ಮೇಲೆ ಕನಿಕರ ಪಡಬೇಕಾ? ಸತ್ತವರ ಗತಿ ಏನು?

ಕನಿಕರ ಪಡಲೇಬೇಕು ಅಂತ ಯಾರೂ ಹೇಳಿಲ್ಲ. ಬೀಯಾ ಕೂಡ ಕೇಳುವುದಿಲ್ಲ. ಪುನರ್ವಸತಿ ಕೇಂದ್ರದವರು 'ಇದು ನಿನ್ನ ತಪ್ಪಲ್ಲ' ಅಂತ ಮತ್ತೆ ಮತ್ತೆ ಹೇಳುವಾಗ ಅವನಿಗೆ ಮೈಯೆಲ್ಲ ಉರಿಯುತ್ತದೆ. ಅದನ್ನು ಕೇಳಿ ಕೇಳಿ, ಎಷ್ಟೋ ತಿಂಗಳು ಆದಮೇಲೆ ನಂಬಲು ಶುರು ಮಾಡುತ್ತಾನೆ. ಬರೆದ ರೀತಿಯಲ್ಲಿ ಮಾತ್ರ ಎಲ್ಲೂ ತಪ್ಪಿಸಿಕೊಳ್ಳುವುದಿಲ್ಲ, ತಾನು ಮಾಡಿದ್ದನ್ನು ಮಾಡಿದೆ ಅಂತಲೇ ಬರೆದಿದ್ದಾನೆ.

ಕಾನೂನು ಏನು ಹೇಳಿತು ಅಂತಲೂ ತಿಳಿದಿರಲಿ. 2002ರಲ್ಲಿ ಫ್ರೀಟೌನ್‌ನಲ್ಲಿ ವಿಶೇಷ ನ್ಯಾಯಾಲಯ ಶುರುವಾಯಿತು. 15 ತುಂಬಿದವರ ಮೇಲೆ ಕೇಸು ಹಾಕುವ ಅಧಿಕಾರ ಅದಕ್ಕೆ ಇತ್ತು, ಆದರೆ ಮಕ್ಕಳ ಮೇಲೆ ಹಾಕುವುದಿಲ್ಲ ಅಂತ ಪ್ರಾಸಿಕ್ಯೂಟರ್ ಡೇವಿಡ್ ಕ್ರೇನ್ ತೀರ್ಮಾನಿಸಿದರು. ಮಕ್ಕಳನ್ನು ಸೈನ್ಯಕ್ಕೆ ಸೇರಿಸಿದವರಿಗೆ 2007ರಲ್ಲಿ ಅದೇ ನ್ಯಾಯಾಲಯ ಶಿಕ್ಷೆ ಕೊಟ್ಟಿತು. ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಈ ಅಪರಾಧಕ್ಕೆ ಶಿಕ್ಷೆ ಕೊಟ್ಟಿದ್ದು ಅದೇ ಮೊದಲು. 2012ರಲ್ಲಿ ಚಾರ್ಲ್ಸ್ ಟೇಲರ್‌ಗೆ 50 ವರ್ಷ ಜೈಲು ಆಯಿತು. ಸಂಕೋ ವಿಚಾರಣೆ ಮುಗಿಯುವ ಮೊದಲೇ, 2003ರಲ್ಲಿ ಸತ್ತಿದ್ದ.

ಕಮಾರಾ ಕೈ ಕಡಿದವರೂ ಹೆಚ್ಚು ಕಮ್ಮಿ ಅವಳದೇ ವಯಸ್ಸಿನ ಹುಡುಗರು. ಅವಳ ಪುಸ್ತಕದ ಎದುರಿನಲ್ಲಿ ಬೀಯಾ ಬರೆದ ಮುನ್ನುಡಿ ಇದೆ. ಈ ಪ್ರಶ್ನೆಗೆ ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಭಾರತಕ್ಕೂ ಈ ಯುದ್ಧಕ್ಕೂ ಏನಾದರೂ ಸಂಬಂಧ ಇದೆಯಾ?

ಇದೆ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಭಾರತದ ಸೈನಿಕರಿದ್ದರು, ಮೊದಲ ಕಮಾಂಡರ್ ಮೇಜರ್ ಜನರಲ್ ವಿಜಯ್ ಜೇಟ್ಲಿ. 2000ದಲ್ಲಿ ಕೈಲಾಹುನ್ ಎಂಬಲ್ಲಿ 200ಕ್ಕೂ ಹೆಚ್ಚು ಭಾರತೀಯ ಸೈನಿಕರನ್ನು ಆರ್‌ಯುಎಫ್ ಎರಡು ತಿಂಗಳಿಗೂ ಜಾಸ್ತಿ ಮುತ್ತಿಗೆ ಹಾಕಿ ಕೂತಿತ್ತು. ಜುಲೈನಲ್ಲಿ 'ಆಪರೇಷನ್ ಖುಕ್ರಿ' ನಡೆಸಿ ಅವರನ್ನು ಬಿಡಿಸಿಕೊಂಡು ಬಂದರು.

ಅಷ್ಟು ದೂರ ಯಾಕೆ, ಪಕ್ಕದ ಶ್ರೀಲಂಕಾದ್ದು ಇಲ್ವಾ?

ಖಂಡಿತ ಇದೆ, ತಮಿಳಿನಲ್ಲಿ. ಹದಿಹರೆಯದಲ್ಲಿ ಎಲ್‌ಟಿಟಿಇ ಸೇರಿ, ಹೊರಬಂದು, ಫ್ರಾನ್ಸಿನಲ್ಲಿ ನೆಲೆಸಿದ ಶೋಭಾಶಕ್ತಿ 2001ರಲ್ಲಿ 'ಗೊರಿಲ್ಲಾ' ಬರೆದರು. ಬಹುಪಾಲು ತನ್ನದೇ ಬದುಕು, ಆದರೆ ಕಾದಂಬರಿ ಅಂತಲೇ ಕರೆದರು. ತಾರೀಖಿನ ಜಗಳಕ್ಕೆ ಇದೂ ಒಂದು ದಾರಿ ಅಲ್ವಾ? ಎಲ್‌ಟಿಟಿಇ ಮಹಿಳಾ ರಾಜಕೀಯ ವಿಭಾಗದ ಮುಖ್ಯಸ್ಥೆ ಆಗಿದ್ದ ತಮಿಳಿನಿ ಅವರ ಆತ್ಮಕಥೆ 2016ರಲ್ಲಿ, ಅವರು ತೀರಿಕೊಂಡ ಮೇಲೆ ಬಂತು. ಶಾಲೆ ಮುಗಿಸಿ ನೇರವಾಗಿ ಸಂಘಟನೆಗೆ ಹೋದ ಹುಡುಗಿಯ ಕಥೆ. ತಮಿಳು ಓದಲು ಬರುವ ಗೆಳೆಯರಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ, ನಾವು ಹಾಗೇ ಮಾಡಿದೆವು.

ಇಂಗ್ಲಿಷ್ ಅಷ್ಟು ಬರಲ್ಲ. ಕಷ್ಟ ಆಗುತ್ತಾ?

ಬೀಯಾ ಮತ್ತು ಕಮಾರಾ ಇಬ್ಬರದ್ದೂ ಸರಳ ಇಂಗ್ಲಿಷ್, ಪಿಯುಸಿ ಓದಿದವರು ಧೈರ್ಯವಾಗಿ ಹಿಡಿಯಬಹುದು. ಬೀಯಾ ಇಂಗ್ಲಿಷಿನಲ್ಲಿ ಒಂದು ವಿಶೇಷ ಇದೆ. ಅವರ ತಾಯಿನುಡಿ ಮೆಂಡೆ. ಅದರಲ್ಲಿ ಥಟ್ಟನೆ ರಾತ್ರಿಯಾಯಿತು ಅನ್ನಲು 'ಆಕಾಶ ಹೊರಳಿ ಮಗ್ಗುಲು ಬದಲಿಸಿತು' ಅಂತಾರಂತೆ. ಚೆಂಡಿಗೆ 'ಗಾಳಿಯ ಗೂಡು' ಅಂತ. ಇದನ್ನು ಅವರು 2014ರ ತಮ್ಮ ಕಾದಂಬರಿಯ ಟಿಪ್ಪಣಿಯಲ್ಲಿ ಹೇಳಿದ್ದಾರೆ, ಹೀಗೆ ಮೆಂಡೆಯನ್ನು ಇಂಗ್ಲಿಷಿಗೆ ಎಳೆದು ತಂದು ಬರೆಯುತ್ತಾರೆ. ಹೊತ್ತು ಮುಳುಗಿತು, ಕತ್ತಲು ಕವಿಯಿತು ಅನ್ನುವ ನಮಗೆ ಅದು ಇಂಗ್ಲಿಷಿನವರಿಗಿಂತ ಹತ್ತಿರ. ಗಟ್ಟಿಯಾಗಿ ಓದಿ ನೋಡಿ.

ಮಕ್ಕಳಿಗೆ ಕೊಡಬಹುದಾ? ಯಾವ ವಯಸ್ಸಿಗೆ?

ಹನ್ನೊಂದು ಹನ್ನೆರಡರ ಮಕ್ಕಳಿಗೆ ಝ್ಲಾಟಾ ಫಿಲಿಪೊವಿಚ್ ಡೈರಿ ಕೊಡಿ. ಬೋಸ್ನಿಯಾದ ಸರಾಯೆವೊ ನಗರದ ಹುಡುಗಿ. 1991ರ ಸೆಪ್ಟೆಂಬರ್‌ನಲ್ಲಿ, 11 ತುಂಬುವ ಮೊದಲು, ಪಿಯಾನೊ ಪಾಠ, ಟಿವಿ, ಹುಟ್ಟುಹಬ್ಬ ಅಂತ ಬರೆಯಲು ಶುರು ಮಾಡುತ್ತಾಳೆ. 1992ರಲ್ಲಿ ಮುತ್ತಿಗೆ. ನೀರಿಲ್ಲ, ಕರೆಂಟಿಲ್ಲ, ಶಾಲೆಯಿಲ್ಲ, ಪಾರ್ಕಿನಲ್ಲಿ ಆಡುತ್ತಿದ್ದ ಗೆಳತಿ ಶೆಲ್ ಬಿದ್ದು ಸಾಯುತ್ತಾಳೆ. ಆನ್ ಫ್ರಾಂಕ್ ತನ್ನ ಡೈರಿಗೆ ಕಿಟ್ಟಿ ಅಂತ ಹೆಸರಿಟ್ಟ ಹಾಗೆ ಇವಳು ಮಿಮ್ಮಿ ಅಂತ ಇಡುತ್ತಾಳೆ. ಆಮೇಲೆ ನೆನಪಿಸಿಕೊಂಡು ಬರೆದದ್ದಲ್ಲ, ಅಂದಂದೇ ಬರೆದದ್ದು, ಹಾಗಾಗಿ ಮಕ್ಕಳಿಗೆ ಬೇಗ ಹಿಡಿಸುತ್ತದೆ.

ಬೀಯಾ ಮತ್ತು ಕಮಾರಾ 16 ಆದಮೇಲೆ ಸಾಕು, ಅದೂ ನೀವು ಮೊದಲು ಓದಿ, ಆಮೇಲೆ ಕೊಡಿ. ಇದನ್ನು ನಾನು ನೋವಿನಿಂದ ಕಲಿತೆ. ಒಂದು ಕಾಲೇಜಿನಲ್ಲಿ ಮಕ್ಕಳ ಜೊತೆ ಕಮಾರಾ ಪುಸ್ತಕ ಓದುವಾಗ ಕೈ ಕಡಿಯುವ ಪುಟವನ್ನೇ ಗಟ್ಟಿಯಾಗಿ ಓದಿಸಿದೆ. ಒಬ್ಬ ಹುಡುಗಿ ಎದ್ದು ಹೊರಗೆ ಹೋದಳು, ಆ ಇಡೀ ವಾರ ತರಗತಿಗೆ ಬರಲಿಲ್ಲ. ಮಾವಿನ ಹಣ್ಣಿನ ಪುಟದಿಂದ ಶುರು ಮಾಡಿದ್ದರೆ ಸಾಕಿತ್ತು. ಮಕ್ಕಳೇ ಹಿಂದಿನ ಪುಟಗಳಿಗೆ ಹೋಗುತ್ತಿದ್ದರು, ಹೋಗುವವರು.

ಓದುವ ಬಳಗದಲ್ಲಿ ಹೇಗೆ ಮಾತಾಡೋದು? ಎಲ್ಲರೂ ಮೌನವಾಗಿಬಿಡುತ್ತಾರೆ.

ನಾವು ಒಂದು ಉಪಾಯ ಮಾಡಿದೆವು. 'ಹೇಗನ್ನಿಸಿತು' ಅಂತ ಕೇಳುವುದನ್ನು ಬಿಟ್ಟೆವು. ಪ್ರತಿಯೊಬ್ಬರೂ ಪುಸ್ತಕದಲ್ಲಿರುವ ಒಂದು ವಸ್ತು ಹೆಸರಿಸಬೇಕು, ಅಷ್ಟೇ. ಕ್ಯಾಸೆಟ್ಟು, ಮಾವು, ಸತ್ತುಹೋದ ಹಕ್ಕಿ, ಬಾಳೆಗೊನೆ. ಬಾಳೆಗೊನೆ ಅಂದವರು ಒಬ್ಬ ಹಿರಿಯರು. ಬೀಯಾ ತನ್ನ ಅಪ್ಪ ಅಮ್ಮ ಇದ್ದಾರೆ ಅಂತ ಕೇಳಿದ ಹಳ್ಳಿಯ ಹತ್ತಿರ ಬಂದಾಗ, ದಾರಿಯಲ್ಲಿ ಸಿಕ್ಕ ಗುರುತಿನ ಮನುಷ್ಯ ಬಾಳೆಗೊನೆ ಹೊರಲು ಸಹಾಯ ಕೇಳುತ್ತಾನೆ. ಹೊತ್ತು ಸ್ವಲ್ಪ ತಡವಾಗುತ್ತದೆ. ಅಷ್ಟರಲ್ಲಿ ಹಳ್ಳಿ ಹೊತ್ತಿ ಉರಿಯುತ್ತದೆ. ತಡವಾಗಿದ್ದಕ್ಕೆ ಬದುಕಿದ, ತಡವಾಗಿದ್ದಕ್ಕೆ ಅಮ್ಮನನ್ನು ನೋಡಲಿಲ್ಲ. ಆ ಹಿರಿಯರು ಇಷ್ಟು ಹೇಳಿ ಸುಮ್ಮನಾದರು, ಆಮೇಲೆ ಒಂದು ಗಂಟೆ ಎಲ್ಲರೂ ಮಾತಾಡಿದರು.

ಬೀಯಾ ಪುಸ್ತಕದ ಕೊನೆಯಲ್ಲಿ ಬರುವ ಕೋತಿಯ ಕಥೆ ಅರ್ಥವಾಗಲಿಲ್ಲ. ಏನದು?

ಅವರ ಊರಿನಲ್ಲಿ ವರ್ಷಕ್ಕೊಮ್ಮೆ ಹಿರಿಯರು ಹೇಳುತ್ತಿದ್ದ ಕಥೆ. ಬೇಟೆಗಾರನೊಬ್ಬ ಕೋತಿಗೆ ಗುರಿ ಇಡುತ್ತಾನೆ. ಕೋತಿ ಮಾತಾಡುತ್ತದೆ. ನನ್ನನ್ನು ಹೊಡೆದರೆ ನಿನ್ನ ಅಮ್ಮ ಸಾಯುತ್ತಾಳೆ, ಹೊಡೆಯದಿದ್ದರೆ ನಿನ್ನ ಅಪ್ಪ ಸಾಯುತ್ತಾನೆ. ನೀವಾಗಿದ್ದರೆ ಏನು ಮಾಡ್ತೀರಿ ಅಂತ ಮಕ್ಕಳನ್ನು ಕೇಳುತ್ತಾರೆ. ಪಕ್ಕದಲ್ಲಿ ಅಪ್ಪ ಅಮ್ಮ ಇಬ್ಬರೂ ಕೂತಿರುತ್ತಾರೆ, ಯಾವ ಮಗು ಉತ್ತರ ಹೇಳೀತು? ನಮ್ಮ ಬೇತಾಳನ ಕಥೆ ನೆನಪಾಗುತ್ತದೆ. ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳು, ಹೇಳಿದರೆ ಬೇತಾಳ ಮತ್ತೆ ಮರಕ್ಕೆ. ಆದರೆ ಅಲ್ಲಿ ಸಿಕ್ಕಿಬಿದ್ದವನು ರಾಜ, ಇಲ್ಲಿ ಮಗು.

ಏಳು ವರ್ಷದ ಬೀಯಾ ಮನಸ್ಸಿನಲ್ಲೇ ಒಂದು ಉತ್ತರ ಇಟ್ಟುಕೊಂಡಿದ್ದ, ಅಮ್ಮನಿಗೆ ಬೇಜಾರಾಗುತ್ತದೆ ಅಂತ ಯಾರಿಗೂ ಹೇಳಲಿಲ್ಲ. ನಾನಾಗಿದ್ದರೆ ಕೋತಿಯನ್ನು ಹೊಡೆಯುತ್ತೇನೆ, ಅದು ಮುಂದೆ ಇನ್ನೊಬ್ಬ ಬೇಟೆಗಾರನನ್ನು ಹೀಗೆ ಸಿಕ್ಕಿಸಬಾರದು. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಈ ಉತ್ತರ ಅವನಿಗೆ ಹೊಳೆದಾಗ ಅಮ್ಮ ಪಕ್ಕದಲ್ಲೇ ಇದ್ದಳು, ಯುದ್ಧ ಇನ್ನೂ ಬಂದಿರಲಿಲ್ಲ. ಇದನ್ನು ತಿಳಿದುಕೊಂಡು ಆ ಪುಟವನ್ನು ಇನ್ನೊಂದು ಸಲ ಓದಿ.